ನಮ್ಮತ್ತೆ ಗಿಡ ಹಚ್ಚಿದ್ದು

ನಮ್ಮತ್ತೆ ಮಗನಿಗೆ ಹೆಣ್ಣು ಹುಡುಕಿದ್ದು ಮನೆಗೆ ಸೊಸೆ ಬೇಕು ಅಂತ ಅಲ್ಲ, ಸಂಘಕ್ಕೆ ಒಬ್ಬ ಸದಸ್ಯೆ ಬೇಕು ಅಂತ. ಈ ಮಾತು ಹೇಳಿದರೆ ನಮ್ಮ ಯಜಮಾನರು ಈಗಲೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹೆಣ್ಣು ನೋಡುವ ದಿನ ಅವರೂ ಅಲ್ಲೇ ಕೂತಿದ್ದರು, ಬೇಕಾದರೆ ಸುಳ್ಳು ಅಂತ ಹೇಳಲಿ ನೋಡೋಣ.

ಶಾಸ್ತ್ರ ನಡೆದದ್ದು ಯಶವಂತಪುರದ ನಮ್ಮ ಮನೆಯಲ್ಲಿ. ಗಂಡಿನ ಕಡೆಯವರು ಧಾರವಾಡದ ಸೀಮೆಯವರು, ಜಾಲಹಳ್ಳಿ ಕಾರ್ಖಾನೆಯಲ್ಲಿ ತಂದೆ ಮಗ ಇಬ್ಬರಿಗೂ ಕೆಲಸ, ಹೆಬ್ಬಾಳದ ಆಚೆ ಸ್ವಂತ ಮನೆ. ಇಷ್ಟು ಗೊತ್ತಿತ್ತು. ನಾನು ಉಪ್ಪಿಟ್ಟು ಕಾಫಿ ಕೊಟ್ಟು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತೆ. ನಮ್ಮ ತಂದೆ ಗಂಟಲು ಸರಿಮಾಡಿಕೊಂಡು, "ಹುಡುಗಿಗೆ ಸಂಗೀತ ಬರತ್ತೆ, ಒಂದು ದೇವರನಾಮ ಹಾಡಿಸಲಾ?" ಅಂದರು.

ಇಳಕಲ್ ಸೀರೆ ಉಟ್ಟು ಗೋಡೆಗೊರಗಿ ಕೂತಿದ್ದ ನಮ್ಮತ್ತೆ ಕೈ ಅಡ್ಡ ಆಡಿಸಿ, "ಹಾಡು ಇರ್ಲಿ ಬಿಡ್ರಿ. ಏನವಾ, ನಿನಗ ಒದರಾಕ ಬರತೈತೇನು?" ಅಂತ ಕೇಳಿದರು.

ತಂದೆಯ ಕೈಯಲ್ಲಿದ್ದ ಲೋಟ ವಾಲಿ ಪಂಚೆಯ ಮೇಲೆ ಕಾಫಿ ಚೆಲ್ಲಿತು. ಹುಡುಗಿಗೆ ಒದೆಯೋದಕ್ಕೆ ಬರತ್ತಾ ಅಂತ ಕೇಳಿಸಿಕೊಂಡಿದ್ದರು ಪಾಪ. ಆ ಸೀಮೆಯಲ್ಲಿ ಒದರೋದು ಅಂದರೆ ಜೋರಾಗಿ ಕೂಗೋದು ಅಂತ ಯಶವಂತಪುರದಲ್ಲಿ ಹುಟ್ಟಿ ಬೆಳೆದವರಿಗೆ ಹೇಗೆ ಗೊತ್ತಾಗಬೇಕು? ಹುಡುಗ ನಾಚಿಕೊಂಡೇ ಅರ್ಥ ಬಿಡಿಸಿ ಹೇಳಿದರು. ಆಗ ನಮ್ಮ ತಾಯಿಗೆ ಎಲ್ಲಿಲ್ಲದ ಹುರುಪು ಬಂತು. "ಅಯ್ಯೋ, ಅದೊಂದರಲ್ಲಿ ನೀವು ಯೋಚನೆನೇ ಮಾಡ್ಬೇಡಿ. ಇವಳು ತಮ್ಮನ ಜೊತೆ ಜಗಳಕ್ಕೆ ನಿಂತರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತವರು ಎದ್ದು ನಿಲ್ತಾರೆ."

ಅಲ್ಲಿಗೆ ಮದುವೆ ಗೊತ್ತಾಯಿತು.

ಕೂಗುವ ಸೊಸೆ ಯಾಕೆ ಬೇಕಾಗಿತ್ತು ಅನ್ನುವುದು ಆ ಮನೆಗೆ ಬಂದ ವಾರದಲ್ಲೇ ತಿಳಿಯಿತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಹೆಬ್ಬಾಳ ದಾಟಿ ಕೆಂಪಾಪುರದ ಕಡೆ ತಿರುಗಿದರೆ ನಮ್ಮ ಬಡಾವಣೆ. ಬಡಾವಣೆ ಅಂತ ಹೆಸರು ಮಾತ್ರ. ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆ ಎಕ್ಕದ ಗಿಡ. ರಸ್ತೆ ಅಂದರೆ ಎರಡು ಸಾಲು ಕಲ್ಲುಗಳ ನಡುವಿನ ಕೆಂಪು ಮಣ್ಣು. ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಮುಟ್ಟಿಸಬೇಕಾದರೆ ಒಂದೋ ನಡೆಯಬೇಕು, ಇಲ್ಲ ಒದರಬೇಕು. ನಮ್ಮತ್ತೆಗೆ ಮಂಡಿನೋವು.

ಬಡಾವಣೆಗೆ ಒಂದು ಕ್ಷೇಮಾಭಿವೃದ್ಧಿ ಸಂಘ ಇತ್ತು. ಅದರ ಅಧ್ಯಕ್ಷರು ನಮ್ಮ ಮಾವನವರು. ಅವರಿಗೆ ಸದಾ ರಾತ್ರಿ ಪಾಳಿ, ಹಗಲೆಲ್ಲಾ ನಿದ್ದೆ. ಯಾರಾದರೂ ನೀರಿಲ್ಲ, ದೀಪ ಇಲ್ಲ ಅಂತ ದೂರು ತಂದರೆ ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು, ಹೊರಗೆ ಅತ್ತೆ ಉತ್ತರ ಕೊಡುತ್ತಿದ್ದರು. ಹೀಗೆ ಉತ್ತರ ಕೊಡುತ್ತಾ ಕೊಡುತ್ತಾ ಅಧ್ಯಕ್ಷರು ಯಾರು ಅನ್ನೋದು ಜನರಿಗೇ ಮರೆತುಹೋಯಿತು. ಮಾವನವರಿಗೂ ಮರೆತುಹೋಗಿತ್ತು ಅಂತ ಕಾಣುತ್ತೆ. ಒಂದು ಸಲ ಮನೆಯ ಮುಂದೆ ನೀರು ನಿಂತಿದೆ ಅಂತ ಅವರೇ ಬಂದು ಅತ್ತೆಯ ಹತ್ತಿರ ದೂರು ಕೊಟ್ಟರು. "ಕಾರ್ಯದರ್ಶಿಗೊಳಿಗೆ ಹೇಳ್ರಿ," ಅಂತ ಅತ್ತೆ ಕಳಿಸಿಬಿಟ್ಟರು.

ಕಾರ್ಯದರ್ಶಿಗಳು ಅಂದರೆ ಮೂಲೆ ಮನೆಯ ಬ್ಯಾಂಕಿನವರು. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ, ಬಾಗಿಲಲ್ಲಿ ಗುಲಾಬಿ ಕುಂಡ. ನಮ್ಮತ್ತೆಯ ಕನ್ನಡ ಅವರಿಗೆ ಅರ್ಧ ಅರ್ಥವಾಗುತ್ತಿತ್ತು, ಮಿಕ್ಕರ್ಧಕ್ಕೆ ಹೆದರುತ್ತಿದ್ದರು. ಅವರಿಬ್ಬರ ನಡುವೆ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಸಂಘದ ವರ್ಷ ಯುಗಾದಿ ಕಳೆದ ಭಾನುವಾರ ಶುರುವಾಗುತ್ತಿತ್ತು. ಇದ್ದದ್ದನ್ನು ಸರಿಯಾಗಿ ನೋಡಿಕೊಳ್ಳಬೇಕು, ಜೊತೆಗೆ ವರ್ಷಕ್ಕೆ ಒಂದೇ ಒಂದು ಹೊಸ ಕೆಲಸ ಹಿಡಿಯಬೇಕು, ಇದು ಅತ್ತೆಯ ಕಾನೂನು. ನಾನು ಬರುವ ಹೊತ್ತಿಗೆ ಕೊಳಾಯಿಯ ವರ್ಷ ಮುಗಿದು, ಬೀದಿ ದೀಪದ ವರ್ಷ ಮುಗಿದಿತ್ತು. ನನ್ನ ಮೊದಲ ಸಭೆ ನಮ್ಮ ಮನೆಯ ಜಗಲಿಯ ಮೇಲೆ ಸೇರಿತು. ಎಲ್ಲರಿಗೂ ಪಾನಕ ಕೊಟ್ಟಾದ ಮೇಲೆ ಅತ್ತೆ ಎದ್ದು ನಿಂತು, "ಈ ವರ್ಷ ಗಿಡಾ ಹಚ್ಚೋಣು," ಅಂದರು.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಯಾಕಮ್ಮಾ ಹಚ್ಚೋದು? ಇರೋದೇ ನಾಲ್ಕು ಗಿಡ."

"ನಾಕ ಅದಾವಂತನ ಹಚ್ಚೂದ್ರಿ. ನಾಕು ಸಾಲತಾವೇನು?"

"ಅಲ್ಲ, ಹಚ್ಚಿದರೆ ಗಾಳಿಗೆ ಮನೆಗಳಿಗೂ ಹತ್ತಿಕೊಳ್ಳಲ್ವಾ?"

"ಹತ್ತಿಕೊಳ್ಳಲೇಳ್ರಿ. ಮನೀಗೆ ನೆರಳಾಕ್ಕೈತಿ."

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಮ್ಮತ್ತೆಯ ಊರಲ್ಲಿ ಹಚ್ಚೋದು ಅಂದರೆ ನೆಡೋದು ಅಂತ ನಾನು ವಿವರಿಸಿದೆ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಅದಕ್ಕೆ ಮುಖ್ಯ ಕಾರಣ ಬಡಾವಣೆ ಸುಟ್ಟುಹೋಗುವುದಿಲ್ಲ ಅನ್ನುವ ಸಮಾಧಾನ.

ಗಿಡಕ್ಕೆ ಮುಂಚೆ ಚರಂಡಿ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಮನೆಗೊಬ್ಬರಂತೆ ಬಂದು ಚರಂಡಿಯ ಹೂಳು ಎತ್ತಬೇಕು. ನಾನು ಹೊಸ ಮದುವಣಗಿತ್ತಿ, ಕೈಯಲ್ಲಿನ್ನೂ ಹಸಿರು ಬಳೆ. ಅತ್ತೆ ನನ್ನನ್ನು ಮನೆಯ ಮುಂದಿನ ಜಲ್ಲಿ ರಾಶಿಯ ಮೇಲೆ ಹತ್ತಿಸಿ, "ಒದರು," ಅಂದರು. ಒದರಿದೆ. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಜನ ಗುದ್ದಲಿ, ಬಾಂಡಲಿ ಹಿಡಿದು ಬಂದರು. ಕಾರ್ಯದರ್ಶಿಗಳು ಮಾತ್ರ ಬರಲಿಲ್ಲ, ಸೊಂಟ ಹಿಡಿದುಕೊಂಡಿದೆ ಅಂತ ಹೇಳಿ ಕಳಿಸಿದರು.

ಬೇರೆ ಯಾರಾದರೂ ಆಗಿದ್ದರೆ ಕಳ್ಳನೆಪ ಅಂತ ಬೈದು ಸುಮ್ಮನಾಗುತ್ತಿದ್ದರು. ನಮ್ಮತ್ತೆ ನಂಬಿದರು. ಅದೇ ಕಾರ್ಯದರ್ಶಿಗಳ ದುರದೃಷ್ಟ. ಅವರ ಮನೆಗೆ ಹೋಗಿ, ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಗೋಣಿಚೀಲದಲ್ಲಿ ಸುತ್ತಿ, "ಬೋರಲ ಮಲಕ್ಕೋರಿ, ಕಾವು ಕೊಡತೀನಿ," ಅಂದರು. ಕಾರ್ಯದರ್ಶಿಗಳ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಓಡಿದರು. ಇಟ್ಟಿಗೆ ಹತ್ತಿರ ಬರುತ್ತಿದ್ದ ಹಾಗೆ ಸೊಂಟ ತಾನಾಗಿಯೇ ಬಿಟ್ಟಿತು. ಆ ದಿನ ಚರಂಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಗ್ಗಿ ಕೆಲಸ ಮಾಡಿದವರು ಅವರೇ.

ಮೊದಲ ಮಳೆ ಬಿದ್ದ ಮೇಲೆ ಸಸಿಗಳು ಬಂದವು. ಬೇವು, ಹೊಂಗೆ, ಅರಳಿ, ನೇರಳೆ. ಇವನ್ನೆಲ್ಲಾ ನೆಡುವುದು ಎಲ್ಲಿ ಅಂತಲೂ ತೀರ್ಮಾನವಾಗಿತ್ತು. ಬಡಾವಣೆಯ ನಡುವೆ ಪಾರ್ಕಿಗೆ ಅಂತ ಬಿಟ್ಟ ಒಂದು ಬಯಲು ಜಾಗ ಇತ್ತು, ಅದರ ಸುತ್ತ. ತೊಂದರೆ ಇದ್ದದ್ದು ನೆಲದಲ್ಲಿ. ಒಂದು ಗೇಣು ಮೆತ್ತನೆ ಮಣ್ಣು, ಅದರ ಕೆಳಗೆ ಬರೀ ಜಲ್ಲಿಗಲ್ಲು. ನಮ್ಮ ಯಜಮಾನರು ಪಿಕಾಸಿ ಎತ್ತಿ ಹೊಡೆದರು, ಪಿಕಾಸಿಯ ಹಿಡಿ ಮುರಿಯಿತು. ಪಕ್ಕದ ಮನೆಯವರು ಹಾರೆ ತಂದರು, ಹಾರೆ ಬಾಗಿತು. ಗುಂಡಿ ತೋಡುವವರು ಸಿಗುವವರೆಗೆ ಇರಲಿ ಅಂತ ಸಸಿಗಳನ್ನೆಲ್ಲ ನಮ್ಮ ಮನೆಗೆ ತಂದಿಟ್ಟರು. ಜಗಲಿ ತುಂಬಿತು, ಹಿತ್ತಿಲು ತುಂಬಿತು, ಉಳಿದವು ಬಚ್ಚಲುಮನೆಗೆ ಬಂದವು. ಹೊಸ ಸೊಸೆ ದಿನಾ ಬೇವಿನ ತೋಪಿನಲ್ಲಿ ಸ್ನಾನ ಮಾಡುವ ಭಾಗ್ಯ ಎಷ್ಟು ಜನಕ್ಕಿರುತ್ತೆ ಹೇಳಿ?

ಹೀಗಿರುವಾಗ ಒಂದು ಶನಿವಾರ ಪಾರ್ಕಿನ ಜಾಗದಲ್ಲಿ ಸದ್ದು ಕೇಳಿಸಿತು. ಹೋಗಿ ನೋಡಿದರೆ ಆಳುಗಳು ಸಾಲಾಗಿ ಗುಂಡಿ ತೋಡುತ್ತಿದ್ದಾರೆ. ಕಪ್ಪು ಕನ್ನಡಕದ ಒಬ್ಬ ಕಂಟ್ರಾಕ್ಟರು ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದಾನೆ. ಕೇಳಿದ್ದಕ್ಕೆ, "ಈ ಜಾಗ ನಮ್ದು ಕಣ್ರೀ. ಸೋಮವಾರ ಕಲ್ಲುಕಂಬ ಬರ್ತವೆ, ಬೇಲಿ ಹಾಕಿಸ್ತೀವಿ," ಅಂದ.

ಬಡಾವಣೆಯ ಗಂಡಸರೆಲ್ಲ ಆ ಸಂಜೆ ನಮ್ಮ ಜಗಲಿಯಲ್ಲಿ, ಸಸಿಗಳ ಸಂದಿಯಲ್ಲಿ ಕೂತು ತುರ್ತುಸಭೆ ನಡೆಸಿದರು. ಒಬ್ಬರು ಪೊಲೀಸಿಗೆ ಹೋಗೋಣ ಅಂದರು. ಒಬ್ಬರು ಧರಣಿ ಅಂದರು. ಕಾರ್ಯದರ್ಶಿಗಳು, ಸೋಮವಾರ ಆಫೀಸು ತೆರೆದ ಮೇಲೆ ಸರ್ವೆಯವರನ್ನು ಕರೆಸೋಣ ಅಂದರು. ಸೋಮವಾರ ಅಷ್ಟು ಹೊತ್ತಿಗೆ ಕಂಬ ನಿಂತಿರುತ್ತೆ, ನಿಂತ ಕಂಬ ಕೀಳೋದು ಯಾರು ಅಂತ ಪಕ್ಕದ ಮನೆಯವರು ಕೇಳಿದರು. ನಿಜಕ್ಕೂ ಭಯ ಹುಟ್ಟಿತ್ತು. ಆ ಜಾಗವೂ ಹೋದರೆ ಅಷ್ಟು ಮನೆಗಳ ನಡುವೆ ಉಸಿರಾಡೋದಕ್ಕೆ ಒಂದು ಅಂಗೈ ಬಯಲು ಉಳಿಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ಜಾಗಕ್ಕೆ ಹೋದರು. ಒಂದು ಗುಂಡಿಯೊಳಗೆ ಕೈಯಿಳಿಸಿ ಆಳ ನೋಡಿದರು. ಇನ್ನೊಂದು ನೋಡಿದರು. ಅವರ ಮುಖ ಅರಳುತ್ತಾ ಹೋಯಿತು.

"ಎಷ್ಟು ಚಂದ ತೋಡ್ಯಾರ ನೋಡವಾ. ನಿನ್ನ ಗಂಡನ ಕೈಲೆ ಒಂದರ ಆತೇನು? ನಡಿ, ಒದರು."

ಆ ಭಾನುವಾರ ನಾನು ಕೂಗಿದ ಹಾಗೆ ಜನ್ಮದಲ್ಲಿ ಕೂಗಿಲ್ಲ. ಹೆಂಗಸರೆಲ್ಲ ಬಂದರು. ನಮ್ಮ ಬಚ್ಚಲುಮನೆಯಿಂದ, ಜಗಲಿಯಿಂದ, ಹಿತ್ತಿಲಿನಿಂದ ಸಸಿಗಳು ಸೊಂಟದ ಮೇಲೆ ಕೂತು ಮೆರವಣಿಗೆ ಹೊರಟವು. ಒಂದೊಂದು ಗುಂಡಿಗೆ ಒಂದೊಂದು ಸಸಿ ಇಟ್ಟು, ಮಣ್ಣು ಮುಚ್ಚಿ, ನೀರು ಹುಯ್ದೆವು. ಅಷ್ಟಕ್ಕೇ ಅತ್ತೆ ಬಿಡಲಿಲ್ಲ. ಪ್ರತಿ ಸಸಿಗೂ ಅರಿಸಿನ ಕುಂಕುಮ ಹಚ್ಚಿಸಿ, ದಾರ ಸುತ್ತಿಸಿ, ಆರತಿ ಎತ್ತಿಸಿದರು. ಕಾರ್ಯದರ್ಶಿಗಳ ಹೆಂಡತಿ ಹಾಡಿದರು.

ಸೋಮವಾರ ಬೆಳಿಗ್ಗೆ ಎತ್ತಿನಗಾಡಿಯಲ್ಲಿ ಕಲ್ಲುಕಂಬಗಳು ಬಂದವು, ಹಿಂದೆಯೇ ಕಂಟ್ರಾಕ್ಟರೂ ಬಂದ. ಗುಂಡಿಗಳೇ ಇಲ್ಲ. ಗುಂಡಿಯಿದ್ದ ಕಡೆಯೆಲ್ಲ ಕುಂಕುಮ ಇಟ್ಟುಕೊಂಡ ಸಸಿಗಳು ಗಾಳಿಗೆ ತಲೆಯಾಡಿಸುತ್ತಿವೆ.

"ಯಾರ್ರೀ ಇದನ್ನ ಮಾಡಿದ್ದು?"

"ನಾವ ಹಚ್ಚೀವಿ," ಅಂದರು ಅತ್ತೆ.

ಅವನು ಗಾಬರಿಯಿಂದ ಸುತ್ತ ನೋಡಿದ. "ಹಚ್ಚಿದ್ರಾ? ಏನ್ ಹಚ್ಚಿದ್ರಿ? ಎಲ್ಲಿಗೆ ಹಚ್ಚಿದ್ರಿ?"

ನಾನು ಮುಂದೆ ಬಂದು ಅನುವಾದ ಮಾಡಿದೆ. ಅವನು ಆಳುಗಳ ಕಡೆ ತಿರುಗಿ ಕೀಳ್ರೋ ಅಂದ. ಆಳುಗಳು ಸಸಿ ನೋಡಿದರು, ಕುಂಕುಮ ನೋಡಿದರು, ಅರಳಿಯ ಬುಡದಲ್ಲಿ ಉರಿಯುತ್ತಿದ್ದ ದೀಪ ನೋಡಿದರು. ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಉಳಿದವರೂ ಮುಗಿದರು. ಅತ್ತೆ ಎಲ್ಲರಿಗೂ ಚುರುಮುರಿ, ಚಹಾ ಕೊಡಿಸಿ, ಕಂಟ್ರಾಕ್ಟರನ ಕೈಗೆ ಒಂದು ತೆಂಗಿನಕಾಯಿ ಹೋಳು ಇಟ್ಟರು. "ತಗೋರಿ ತಮ್ಮಾ. ನೀವು ತೋಡಿಸಿದ್ರಿ, ನಾವು ಹಚ್ಚಿದ್ವಿ. ಪುಣ್ಯ ಅರ್ಧಾ ಅರ್ಧಾ."

ಅವನು ಮೋಟಾರ್ ಸೈಕಲ್ ಹತ್ತಿ ಹೋದ, ಕಾಯಿ ಹೋಳು ಮಾತ್ರ ಬಿಡದೆ ತೆಗೆದುಕೊಂಡು ಹೋದ. ಆಮೇಲೆ ಸರ್ವೆಯವರು ಬಂದು ಅಳೆದರು. ಜಾಗ ಪಾರ್ಕಿನದೇ ಅಂತ ಖಾತ್ರಿಯಾಯಿತು. ಕಂಟ್ರಾಕ್ಟರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಸಸಿಗಳು ಬೇರು ಹಿಡಿದು ಮೊಳಕಾಲುದ್ದ ಆದವು. ಮುಂದಿನ ಬೇಸಿಗೆ ಬಂತು. ಈಗ ನಡುವಿನ ಬಯಲಿಗೆ ಏನು ಮಾಡೋದು ಅನ್ನುವ ಚರ್ಚೆ ಎದ್ದಿತು. ಕಾರ್ಯದರ್ಶಿಗಳ ಆಸೆ ಹುಲ್ಲುಹಾಸು. ಲಾಲ್‌ಬಾಗಿನಲ್ಲಿ ಇರುವ ಹಾಗೆ ಹಸಿರು ಹುಲ್ಲು, ಅದರ ನಡುವೆ ಒಂದು ಫಲಕ. ಹುಲ್ಲು ಇನ್ನೂ ಬಂದಿರಲಿಲ್ಲ, 'ಹುಲ್ಲಿನ ಮೇಲೆ ನಡೆಯಬೇಡಿ' ಅಂತ ಫಲಕ ಮಾತ್ರ ಬರೆಸಿ ತಂದು ಮನೆಯಲ್ಲಿ ಇಟ್ಟುಕೊಂಡಿದ್ದರು. ಅತ್ತೆಗೆ ಇದು ಹಿಡಿಸಲಿಲ್ಲ. "ನಡ್ಯಾಕ ಬಾರದ ಹುಲ್ಲು, ದನಾ ತಿನ್ನಾಕ ಬಾರದ ಹುಲ್ಲು, ಅದೇನು ಹುಲ್ಲೇನು?" ಅಂತ ದಿನಾ ಅನ್ನುತ್ತಿದ್ದರು.

ಆ ದಿನಗಳಲ್ಲೇ ಅತ್ತೆಯ ಕಣ್ಣಿಗೆ ಒಬ್ಬ ಮುದುಕಿ ಬಿದ್ದದ್ದು. ಬಿಸಿಲು ಇಳಿಯುವ ಹೊತ್ತಿಗೆ ಹಳ್ಳಿಯ ಕಡೆಯಿಂದ ಬಂದು, ಪಾರ್ಕಿನ ಹೊರಗೆ ಬೇವಿನ ಸಸಿಯ ಪಕ್ಕ ನಿಂತುಕೊಳ್ಳುತ್ತಿದ್ದಳು. ಸುಮ್ಮನೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಹೊರಟುಹೋಗುತ್ತಿದ್ದಳು. ಮಾರನೆಯ ದಿನ ಮತ್ತೆ ಬರುತ್ತಿದ್ದಳು.

"ಆ ಕಂಟ್ರಾಕ್ಟರ ಕಳಿಸ್ಯಾನ ಆಕೀನ್ನ," ಅಂತ ಅತ್ತೆ ತೀರ್ಮಾನ ಮಾಡಿದರು. "ಇಲ್ಲಾ, ಸಸಿ ಮೇಯಿಸಾಕ ಆಡು ಬಿಡಬೇಕಂತ ಹೊಂಚ ಹಾಕ್ಯಾಳ. ನಡಿ, ಕೇಳೋಣು."

ಹೋದೆವು. ಮುದುಕಿ ನಮ್ಮನ್ನು ನೋಡಿ ಕದಲಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಯಾಕಬೇ, ದಿನಾ ಇಲ್ಲೆ ಬಂದು ನಿಂದರತಿ?" ಅಂದರು.

"ಸುಮ್ಕೆ ಕಣವ್ವ. ಇದು ನಮ್ ಒಲ."

"ಒಲಿ? ಇಲ್ಲೆ ಎಲ್ಲೈತಿ ಒಲಿ?" ಅತ್ತೆ ನೆಲವನ್ನೆಲ್ಲಾ ನೋಡಿದರು. "ಮೂರು ಕಲ್ಲು ಸೈತ ಇಲ್ಲ. ಇಲ್ಲೆ ಅಡಗಿ ಮಾಡತಿದ್ದೇನು?"

"ಅಡಿಗೆ ಅಲ್ಲ ಕಣವ್ವ. ಒಲ. ರಾಗಿ ಒಲ."

ನಾನು ಬಾಯಿ ತೆರೆದೆ. "ಅತ್ತೆ, ಇಲ್ಲಿ ಹಳ್ಳಿ ಕಡೆಯವರು ಹಕಾರ ಬಿಟ್ಟು ಮಾತಾಡ್ತಾರೆ. ಒಲೆ ಅಲ್ಲ, ಹೊಲ ಅಂತಿದಾರೆ."

ಅತ್ತೆಯ ಕೈ ಸೊಂಟದಿಂದ ಜಾರಿತು.

ಮುದುಕಿ ನಿಧಾನವಾಗಿ ಹೇಳಿದಳು. ಕಾರ್ಯದರ್ಶಿಗಳ ಮನೆ ಇರುವ ಕಡೆ ಅವರ ಬಾವಿ ಇತ್ತಂತೆ. ನಮ್ಮ ಮನೆ ಇರುವ ಕಡೆ ಕಣ. ಬಡಾವಣೆಗೆ ಅಂತ ಹೊಲವೆಲ್ಲ ಹೋದ ಮೇಲೆ ಮಕ್ಕಳು ಊರೊಳಗೆ ಹಸು ಕಟ್ಟಿಕೊಂಡಿದ್ದಾರಂತೆ, ಊಟಕ್ಕೇನೂ ಕಡಿಮೆ ಇಲ್ಲವಂತೆ. "ಎಲ್ಲಾ ಕಡೆ ಮನೆಯಾದ್ವು. ಇದೊಂದು ಚೂರು ಇಂಗೇ ಉಳ್ಕಂಡದೆ. ಬೇಲಿ ಆಕಕ್ಕೆ ಗುಂಡಿ ತೋಡಿದಾಗ ಇದೂ ಓಯ್ತು ಅನ್ಕಂಡೆ. ಆಮ್ಯಾಕೆ ನೋಡುದ್ರೆ ಬೇವಿನ ಸಸಿ. ಯಾರೋ ಪುಣ್ಯಾತ್ಗಿತ್ತೀರು ಉಳುಸವ್ರೆ ಅಂತ ದಿನಾ ಬಂದು ನೋಡ್ಕಂಡ್ ಓಯ್ತೀನಿ."

ನಮ್ಮತ್ತೆ ಏನಾದರೂ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿದರು, ಊಟ ಮಾಡಿದರು, ಆಗಲೂ ಮಾತಿಲ್ಲ. ಮಾವನವರು ಪಾಳಿಗೆ ಹೊರಟವರು ಬಾಗಿಲಲ್ಲಿ ನಿಂತು, "ಆರಾಮ ಇಲ್ಲೇನು?" ಅಂತ ಕೇಳಿದರು. ಮನೆ ಅಷ್ಟು ನಿಶ್ಶಬ್ದವಾಗಿ ಇದ್ದದ್ದು ಅವರಿಗೆ ನೆನಪೇ ಇರಲಿಲ್ಲ.

ಯುಗಾದಿ ಕಳೆದು ಸಭೆ ಸೇರಿತು. ಕಾರ್ಯದರ್ಶಿಗಳು ಹುಲ್ಲುಹಾಸಿನ ಪರವಾಗಿ ದೊಡ್ಡ ಭಾಷಣವನ್ನೇ ತಯಾರು ಮಾಡಿಕೊಂಡು ಬಂದಿದ್ದರು. ಅವರು ಏಳುವ ಮೊದಲೇ ಅತ್ತೆ ಎದ್ದು, "ಈ ವರ್ಷ ಹುಲ್ಲು ಹಾಕೋಣು. ಕಾರ್ಯದರ್ಶಿಗೊಳು ಹೇಳಿದ್ದು ಖರೇ ಐತಿ," ಅಂದರು.

ಕಾರ್ಯದರ್ಶಿಗಳಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ನನ್ನ ಕಡೆ ನೋಡಿದರು. ಇದರಲ್ಲಿ ಅನುವಾದಕ್ಕೆ ಏನೂ ಇಲ್ಲ ಅಂತ ತಲೆಯಾಡಿಸಿದೆ. "ಬಹಳ ಸಂತೋಷ ಅಮ್ಮಾ," ಅಂದರು. ಎಲ್ಲರೂ ಕೈಯೆತ್ತಿದರು. ನಿರ್ಣಯ ಪಾಸಾಯಿತು. ಆಮೇಲೆ ಅವರು ಖುಷಿಯಿಂದ, "ಯಾವ ಜಾತಿ ಹುಲ್ಲು ಹಾಕಿಸೋಣ ಅಂತೀರಿ?" ಅಂದರು.

"ರಾಗಿ ಹುಲ್ಲು."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಮುದುಕಿಯ ಸಂಗತಿಯನ್ನೆಲ್ಲಾ ಹೇಳಿದರು. ನಾಟಕ ಮಾಡಲಿಲ್ಲ, ದನಿ ಏರಿಸಲಿಲ್ಲ. ಬಾವಿಯ ಮಾತು ಬಂದಾಗ ಕಾರ್ಯದರ್ಶಿಗಳು ತಿರುಗಿ ತಮ್ಮ ಮನೆಯ ಕಡೆ ನೋಡಿದರು. "ನಮ್ಮ ಮನೆ ಪಾಯ ತೆಗೆಯುವಾಗ ಒಂದು ಕಡೆ ಮಣ್ಣು ಕುಸೀತಾನೇ ಇತ್ತು. ಅದಕ್ಕೇ ಇರ್ಬೇಕು," ಅಂದರು. ಆಮೇಲೆ, "ಒಂದು ವರ್ಷ ಹಾಕಲಿ ಅಮ್ಮಾ. ಫಲಕ ಹೇಗೂ ಬರೆಸಿದೆ," ಅಂತಲೂ ಸೇರಿಸಿದರು.

ಮಳೆ ಬಂದ ಮೇಲೆ ಮುದುಕಿಯ ಮಗ ಎತ್ತು ತಂದು ನಡುವಿನ ಬಯಲನ್ನು ಉತ್ತುಕೊಟ್ಟ. ಮೇಲಿನ ಒಂದು ಗೇಣು ಮಣ್ಣು ರಾಗಿಗೆ ಸಾಕಂತೆ. ಅಜ್ಜಿಯೇ ನಿಂತು ಬಿತ್ತನೆ ಮಾಡಿಸಿದಳು, ಅಂಚಿಗೆ ಅವರೆ ಸಾಲು ಹಾಕಿಸಿದಳು. ಕಾರ್ಖಾನೆ ಬಸ್ಸಿನಿಂದ ಇಳಿದ ಗಂಡಸರು ಮನೆಗೆ ಹೋಗುವ ಬದಲು ಅಲ್ಲಿ ನಿಂತು, ಮೊಳಕೆ ಬಂತಾ, ಕಳೆ ತೆಗೀಬೇಕಾ ಅಂತ ಕೇಳತೊಡಗಿದರು. ನಮ್ಮ ಮಾವನವರು ಹಗಲು ನಿದ್ದೆ ಬಿಟ್ಟು ಗುಬ್ಬಿ ಓಡಿಸಲು ಕೂತರು. ಕೂತಲ್ಲೇ ಗೊರಕೆ ಶುರುವಾಗುತ್ತಿತ್ತು, ಅದಕ್ಕೇ ಗುಬ್ಬಿಗಳು ಹಾರಿಹೋಗುತ್ತಿದ್ದವು. ಬೆಳೆದು ನಿಂತ ರಾಗಿ ಪೈರಿನ ನಡುವೆ ಕಾರ್ಯದರ್ಶಿಗಳ ಫಲಕ ಠೀವಿಯಿಂದ ನಿಂತಿತ್ತು: 'ಹುಲ್ಲಿನ ಮೇಲೆ ನಡೆಯಬೇಡಿ.' ಬಳ್ಳಾರಿ ರಸ್ತೆಯಿಂದ ದಾರಿ ತಪ್ಪಿ ಬಂದವರು ಅದನ್ನು ಓದಿ, ಪೈರು ನೋಡಿ, ಮತ್ತೆ ಓದುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ ತೆನೆ ಬಲಿಯಿತು. ಕೊಯ್ಲಿನ ಬೆಳಿಗ್ಗೆ ಇಡೀ ಬಡಾವಣೆ ಬಂದಿತ್ತು. ಅರ್ಧ ಜನಕ್ಕೆ ಕುಡುಗೋಲು ಹಿಡಿಯಲು ಬರುತ್ತಿರಲಿಲ್ಲ, ಮಿಕ್ಕರ್ಧಕ್ಕೆ ಹಿಡಿದದ್ದನ್ನು ಬಿಡಲು ಮನಸ್ಸಿರಲಿಲ್ಲ. ಅತ್ತೆ ಎಂದಿನಂತೆ ನಡುವೆ ನಿಂತು, ನೀ ಅಲ್ಲಿ ಹೋಗು, ನೀ ಇಲ್ಲಿ ಕುಂದ್ರು ಅಂತ ಎಲ್ಲರನ್ನೂ ಓಡಾಡಿಸುತ್ತಿದ್ದರು.

ಅಜ್ಜಿ ಮೊದಲ ಸಾಲು ಕೊಯ್ದು, ತೆನೆಗಳನ್ನು ತಬ್ಬಿಕೊಂಡು ಅತ್ತೆಯ ಮುಂದೆ ಬಂದು ನಿಂತಳು. "ಮಡ್ಲು ಒಡ್ಡವ್ವ," ಅಂದಳು.

"ನನಗ್ಯಾಕಬೇ? ನಿನ್ನ ಹೊಲಾ, ನಿನ್ನ ರಾಶಿ."

"ಒಡ್ಡು ಅಂದೆ. ನಿನ್ ತವ್ರು ಯಾವ್ದೋ ದೂರದಲ್ಲದೆ ಅಂತ ನಿನ್ ಸೊಸೆ ಅಂದ್ಲು. ಓಗಿ ಬಂದು ಯೋಟ್ ದಿನ ಆಯ್ತೋ ಏನೋ. ಈ ಒಲದಾಗೆ ಬೆಳೆದುದ್ರಲ್ಲಿ ಮೊದಲ್ನೇ ತೆನೆ ನಮ್ಮನೆ ಎಣ್ಮಗಳ ಮಡ್ಲಿಗೇ ಓಗ್ತಿದ್ದುದ್ದು. ನಂಗೆ ಎಣ್ಮಕ್ಕಳಿಲ್ಲ."

ಅತ್ತೆ ಸುತ್ತ ಒಮ್ಮೆ ನೋಡಿದರು, ಯಾರಾದರೂ ಏನಾದರೂ ಹೇಳಲಿ ಅನ್ನುವ ಹಾಗೆ. ತವರಿನಲ್ಲಿ ತಾಯಿ ತೀರಿಕೊಂಡ ಮೇಲೆ ಅತ್ತೆ ಆ ಕಡೆ ಹೋಗಿಯೇ ಇರಲಿಲ್ಲ, ಅವರಿಗೆ ಉಡಿ ತುಂಬುವವರು ಯಾರೂ ಉಳಿದಿರಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಎರಡು ಕೈಯಲ್ಲಿ ಹಿಡಿದು ಚಾಚಿದರು. ಅಜ್ಜಿ ತೆನೆಗಳನ್ನು ಮೆಲ್ಲಗೆ, ಮಲಗಿಸಿದ ಹಾಗೆ ಸೆರಗಿನೊಳಕ್ಕೆ ಇಟ್ಟಳು. ಅತ್ತೆಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರು ಅಜ್ಜಿಯ ಕಾಲು ಮುಟ್ಟಲು ಬಗ್ಗಿದರು.

"ಬಗ್ಗಬ್ಯಾಡ, ತೆನೆ ಚೆಲ್ತವೆ," ಅಂತ ಅಜ್ಜಿ ಗದರಿಸಿದಳು. "ನೆಟ್ಟಗೆ ನಿಂತ್ಕೊ ಮಗಳೆ."

ಇಡೀ ಬಡಾವಣೆಯನ್ನು ನಿಲ್ಲಿಸಿ ಕೂರಿಸುತ್ತಿದ್ದ ನಮ್ಮತ್ತೆ, ಸೆರಗು ಬಿಗಿಯಾಗಿ ಹಿಡಿದುಕೊಂಡು ನೆಟ್ಟಗೆ ನಿಂತುಕೊಂಡರು.